ಕೈ ಮೇಲಿನ ಏಟು

ನಾನು ಉಗುರು ಕಚ್ಚಿದರೆ ಅಮ್ಮ ಕೈ ಮೇಲೆ ಫಟ್ಟನೆ ಬಾರಿಸುತ್ತಿದ್ದಳು. "ಮನೇಲಿ ಊಟ ಹಾಕಲ್ವೇನೇ ನಿಂಗೆ?" ನನ್ನ ಮಗಳು ಕಾಲೇಜು ಸೇರಿದ ಮೇಲೂ ಅಮ್ಮ ಹೊಡೆಯುವುದು ಬಿಡಲಿಲ್ಲ, ನಾನು ಕಚ್ಚುವುದು ಬಿಡಲಿಲ್ಲ.

ಕೊನೆಗೆ ಆ ಚಟ ಬಿಡಿಸಿದ್ದು ನನ್ನ ಹೊಲಿಗೆ ಕೆಲಸ. ಕಚ್ಚಿ ಕಚ್ಚಿ ಎದ್ದ ಬೆರಳಂಚಿನ ಚರ್ಮ ರೇಷ್ಮೆ ಬಟ್ಟೆಗೆ ಸಿಕ್ಕಿ ಎಳೆ ಕೀಳುತ್ತಿತ್ತು. ಗಿರಾಕಿಗಳಿಂದ ಬೈಸಿಕೊಂಡು ಸಾಕಾಗಿ, ಬೆರಳಿಗೆಲ್ಲ ಪ್ಲಾಸ್ಟರ್ ಸುತ್ತಿಕೊಂಡೇ ಮಿಷನ್ ತುಳಿದೆ. ಉಗುರು ಬಂತು.

ಓಡಿಹೋಗಿ ಅಮ್ಮನಿಗೆ ತೋರಿಸಿದೆ. ಅಷ್ಟರಲ್ಲಿ ಮರೆವಿನ ಕಾಯಿಲೆ ಬಲಿತು ಅವಳಿಗೆ ನನ್ನ ಗುರುತೇ ಸಿಗುತ್ತಿರಲಿಲ್ಲ. "ಚೆನ್ನಾಗಿದೆ" ಎಂದು ಕಿಟಕಿಯತ್ತ ತಿರುಗಿದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವಳ ಮುಂದೆಯೇ ಕೂತು, ಅಷ್ಟು ಕಷ್ಟಪಟ್ಟು ಬೆಳೆಸಿದ ಉಗುರನ್ನು ಕಟಕಟನೆ ಕಚ್ಚಿದೆ. ಬಾರಿಸಮ್ಮಾ, ಒಂದೇ ಒಂದು ಸಲ.

ಅವಳ ಕೈ ಮೇಲೆದ್ದಿತು. ನಾನು ಆಸೆಯಿಂದ ಕೈ ಮುಂದೊಡ್ಡಿದೆ.

ಅವಳು ಅದನ್ನು ಮೆಲ್ಲಗೆ ಸವರಿದಳು. "ಪಾಪ, ಹಸಿವಾಗಿದ್ಯೇನ್ರೀ? ಸ್ವಲ್ಪ ಕೂತ್ಕೊಂಡಿರಿ. ನನ್ನ ಮಗಳು ಬಂದ್ಬಿಡ್ತಾಳೆ, ಊಟ ಹಾಕ್ತಾಳೆ."