ಒಲೆ ಪಕ್ಕದ ಸ್ವಿಚ್ಚು

ಹಿಮದ ಭಾರಕ್ಕೆ ನನ್ನ ಹಳೆಯ ಶೆಡ್ಡು ಕುಸಿದಿತ್ತು. ಹೊಸದನ್ನು ಕಟ್ಟಲಿರುವ ಡೆಲ್ಬರ್ಟ್ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬಣ್ಣಬಣ್ಣದ ತಗಡಿನ ಮಾದರಿ ಚೂರುಗಳನ್ನು ಹರವಿಕೊಂಡು ಕೂತ. ಕಂಬದ ಬುಡಕ್ಕೆ ಕಾಂಕ್ರೀಟು, ಟ್ರ್ಯಾಕ್ಟರ್ ನುಗ್ಗುವಷ್ಟು ಎತ್ತರದ ಬಾಗಿಲು, ಬಿಸಿಲು ಒಳಬರಲು ಸೂರಿನಂಚಿಗೆ ಬಿಳಿ ಶೀಟು. ಎಲ್ಲದಕ್ಕೂ ಹೂಂ ಎಂದೆ.

"ದೀಪದ ಸ್ವಿಚ್ಚು ಎಲ್ಲಿಡ್ಲಿ, ಯಜಮಾನ್ರೇ?"

"ಒಂದು ಶೆಡ್ಡಿನ ಬಾಗಿಲಲ್ಲಿ. ಇನ್ನೊಂದು ಇಲ್ಲಿ, ಒಲೆ ಪಕ್ಕ. ಮೊದ್ಲೂ ಹಾಗೇ ಇತ್ತು."

"ಅದಕ್ಕೆ ಅಂಗಳದುದ್ದಕ್ಕೂ ನೆಲ ಅಗೀಬೇಕು. ಇಲ್ಲಿಂದ ದೀಪ ಹಾಕೋರು ಈಗ ಯಾರಿದ್ದಾರೆ?"

"ಶೆಡ್ಡು ನಿಂದೋ ನಂದೋ? ಸುಮ್ನೆ ಅಗಿಯಯ್ಯ!"

ಅವನು ಬರೆದುಕೊಂಡ.

ನಮ್ಮ ಅಯೋವಾದ ಹೊಲದ ಮನೆಗಳಿಂದ ಎಷ್ಟು ಕೂಗಿದರೂ ಶೆಡ್ಡಿಗೆ ಕೇಳಿಸದು. ಊಟ ಸಿದ್ಧವಾದಾಗ ನನ್ನ ಹೆಂಡತಿ ಅರ್ಡಿಸ್ ಇಲ್ಲಿಂದಲೇ ಶೆಡ್ಡಿನ ದೀಪವನ್ನು ಎರಡು ಸಲ ಆರಿಸಿ ಹಾಕುತ್ತಿದ್ದಳು. "ಬಂದೆ ಕಣೇ, ಪ್ರಾಣ ತಿನ್ಬೇಡ" ಎಂದು ಮೂವತ್ತೊಂಬತ್ತು ವರ್ಷ ಅಲ್ಲಿಂದಲೇ ಗೊಣಗಿದ್ದೇನೆ. ಅವಳು ಹೋಗಿ ಎರಡು ವರ್ಷವಾಯಿತು.

ಮೇ ತಿಂಗಳಲ್ಲಿ ಶೆಡ್ಡು ಎದ್ದು ನಿಂತಿತು. ಮೊದಲ ಸಂಜೆ ಅದರ ದೀಪವನ್ನು ಉರಿಯಲು ಬಿಟ್ಟು ಮನೆಗೆ ಬಂದೆ. ಆಲೂಗಡ್ಡೆ ಬೇಯಿಸಿದೆ, ಹಂದಿಮಾಂಸ ಹುರಿದೆ, ತಟ್ಟೆ ಇಟ್ಟೆ. ಆಮೇಲೆ ಒಲೆ ಪಕ್ಕದ ಸ್ವಿಚ್ಚನ್ನು ಎರಡು ಸಲ ಆರಿಸಿ ಹಾಕಿದೆ. ಕಿಟಕಿಯಾಚೆ ಶೆಡ್ಡು ಎರಡು ಸಲ ಕತ್ತಲಾಗಿ ಬೆಳಗಿತು.

ಊಟಕ್ಕೆ ಬರಬೇಕಾದವನು ಆಗಲೇ ಒಳಗೆ, ಒಲೆ ಪಕ್ಕ ನಿಂತಿದ್ದ.