ಒಂದು ಸಲ ಬಿದ್ದ ಹೆಲ್ಮೆಟ್ಟು

"ಇನ್ನೊಂದು ಚೂರು ಎತ್ತಿ," ಎಂದ ಶವದ ವ್ಯಾನಿನವನು.

ಮಗಳು ಅಪ್ಪನ ತಲೆಯನ್ನು ಎರಡೂ ಅಂಗೈಗಳಲ್ಲಿ ಇನ್ನಷ್ಟು ಎತ್ತಿ ಹಿಡಿದಳು. ಅವನು ಅದರ ಕೆಳಗೆ ದಿಂಬು ತಳ್ಳಿದ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ದಿನಕ್ಕೆ ಹತ್ತು ಜನರ ತಲೆ ಹಿಡಿದು ಆಚೆ ಈಚೆ ಹೊರಳಿಸುತ್ತಾಳೆ. ಆದರೂ ತಲೆಯೊಂದು ಇಷ್ಟು ಭಾರವಿರುತ್ತದೆಂದು ಅವಳಿಗೆ ಇವತ್ತೇ ಗೊತ್ತಾದದ್ದು.

ಹಿಂಭಾಗದ ಮನೆಯ ಬಾಗಿಲು ಕಿರಿದು ಎಂದು ಅಪ್ಪನನ್ನು ಮುಂಭಾಗದ ಅಂಗಡಿಯಲ್ಲೇ, ಎರಡು ಬೆಂಚು ಜೋಡಿಸಿ ಮಲಗಿಸಿದ್ದರು. ಮೂವತ್ತು ವರ್ಷ ಹೆಲ್ಮೆಟ್ಟು ಮಾರಿದ ಅಂಗಡಿ. ಮಂಡಿ ನೋವು ಜಾಸ್ತಿಯಾಗಿ ಎರಡು ತಿಂಗಳ ಹಿಂದೆ ಅಪ್ಪ ಇದ್ದ ಮಾಲನ್ನೆಲ್ಲ ಕಂಪನಿಗೆ ವಾಪಸು ಕಳಿಸಿ ಬಾಗಿಲು ಹಾಕಿದ್ದ. ನಿನ್ನೆ ಬೆಳಗ್ಗೆ ಖಾಲಿ ಕಪಾಟುಗಳ ಧೂಳು ಒರೆಸುತ್ತ, ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಮಾರಲು ಏನೂ ಇಲ್ಲದ ಕಪಾಟಿನ ಧೂಳನ್ನು ಯಾರಾದರೂ ಒರೆಸುತ್ತಾರೆಯೇ? ಅದನ್ನು ನೆನೆದರೇ ಅವಳಿಗೆ ಸಿಟ್ಟು ಬರುತ್ತಿತ್ತು.

"ದಿಂಬು ಅಳತೆಗೆ ಸರಿಯಾಗಿದೆಯಾ ನೋಡಮ್ಮ," ಎಂದ ಎದುರು ಗ್ಯಾರೇಜಿನ ಮೆಕಾನಿಕ್. "ಇಲ್ಲಾಂದ್ರೆ ಟೇಪಣ್ಣ ಎದ್ದು ಕೂತು ಬದಲಾಯಿಸು ಅಂತಾನೆ."

ಸುತ್ತಲಿದ್ದವರು ನಗು ನುಂಗಿಕೊಂಡರು. ಕೊರಳಲ್ಲಿ ಸದಾ ಅಳತೆ ಪಟ್ಟಿ ನೇತುಹಾಕಿಕೊಂಡಿರುತ್ತಿದ್ದ ಅಪ್ಪನಿಗೆ ಇಡೀ ಬೀದಿ ಇಟ್ಟ ಹೆಸರು ಟೇಪಣ್ಣ. ಬೆಳಗಿನಿಂದ ಇದು ಏಳನೆಯ ಜೋಕು. ಒಬ್ಬರು ತಮ್ಮನ್ನು ನಲವತ್ತು ನಿಮಿಷ ಹೆಲ್ಮೆಟ್ಟು ಹಾಕಿ ಕೂರಿಸಿದ್ದನ್ನು ಹೇಳಿದರೆ, ಇನ್ನೊಬ್ಬರು ಎದೆಗಾರಿಕೆಯಿಂದ ಬೆಂಕಿ ಚಿತ್ರದ ಹೆಲ್ಮೆಟ್ಟು ಕೇಳಿ ಬೈಸಿಕೊಂಡದ್ದನ್ನು ಹೇಳಿದರು. ತಲೆ ಉಳಿಸೋನು ಅನ್ನಬೇಕೋ ತಲೆ ತಿನ್ನೋನು ಅನ್ನಬೇಕೋ ಗೊತ್ತಾಗ್ತಿರಲಿಲ್ಲ ಅಂದರು ಮತ್ತೊಬ್ಬರು. ಸತ್ತ ಮನೆಗೆ ಬಂದವರು ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿರಬಾರದೇ ಎಂದು ಮಗಳು ಹಲ್ಲು ಕಚ್ಚಿಕೊಂಡಳು. ಅವರು ಹೇಳುತ್ತಿದ್ದದ್ದು ಒಂದೂ ಸುಳ್ಳಲ್ಲ ಎಂಬುದು ಅವಳಿಗೆ ಇನ್ನೂ ಕಿರಿಕಿರಿ ಮಾಡುತ್ತಿತ್ತು.

* * *

ಅವಳಿಗೆ ಹತ್ತೊಂಬತ್ತಾಗಿ ಸ್ಕೂಟರು ಬಂದಾಗ ಬೇಕಾಗಿದ್ದದ್ದು ಕೆಂಪು ಹೆಲ್ಮೆಟ್ಟು. ಅಂಗಡಿಯ ಎರಡನೆಯ ಕಪಾಟಿನಲ್ಲಿ ಅದು ಮೂರು ತಿಂಗಳಿಂದ ಕೂತಿತ್ತು. ಗೆಳತಿಯರಿಬ್ಬರು ಹೊರಗೆ ಕಾಯುತ್ತಿದ್ದರು. ಅಪ್ಪ ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ಟೇಪು ಸುತ್ತಿದ.

"ಐವತ್ತಾರೂವರೆ. ಉದ್ದ ತಲೆ ನಿಂದು. ಇದರ ಒಳಗು ದುಂಡು. ಆಗಲ್ಲ."

"ಹಾಕ್ಕೊಂಡು ನೋಡ್ತೀನಪ್ಪ."

"ಹಾಕ್ಕೋ. ಇಪ್ಪತ್ತು ನಿಮಿಷ ಕೂರು."

ಅವಳು ಸ್ಟೂಲಿನ ಮೇಲೆ ಕೂತಳು. ಅಪ್ಪ ಎರಡೂ ಕೈಯಿಂದ ಹೆಲ್ಮೆಟ್ಟು ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿದ. ಕೆನ್ನೆ ಜೊತೆಗೇ ತಿರುಗುತ್ತದೆಯೇ ಎಂದು ನೋಡಿದ. ಹಿಂದಿನಿಂದ ಎತ್ತಿ, ಅದು ಮುಂದಕ್ಕೆ ಉರುಳಿ ಬರುತ್ತದೆಯೇ ಎಂದೂ ನೋಡಿದ. ಇಪ್ಪತ್ತು ನಿಮಿಷವಾದ ಮೇಲೆ ತೆಗೆಸಿ ಕನ್ನಡಿ ಹಿಡಿದ. ಹಣೆಯ ನಡುವೆ ಕೆಂಪು ಗುರುತು ಬಿದ್ದಿತ್ತು.

"ಮೊದಲ ದಿನ ಕೆನ್ನೆ ಒತ್ತಬೇಕು, ಹಣೆ ನೋಯಬಾರದು. ಇದನ್ನ ಹಾಕ್ಕೊಂಡು ಒಂದು ಗಂಟೆ ಹೋದ್ರೆ ತಲೆನೋವು. ತಲೆನೋವು ಬಂದ್ರೆ ನೀನು ಇದನ್ನ ತೆಗೆದು ಸ್ಕೂಟರಿನ ಕನ್ನಡೀಗೆ ನೇತುಹಾಕ್ತೀಯ. ಆಮೇಲೆ ಇದು ಕನ್ನಡಿ ಕಾಯತ್ತೆ, ನಿನ್ನನ್ನಲ್ಲ."

"ನಿಂಗೆ ಊರೋರ ತಲೆ ಮುಖ್ಯ. ಮಗಳ ಮನಸ್ಸು ಏನಾದ್ರೂ ಆಗ್ಲಿ," ಎಂದು ಅವಳು ಗೆಳತಿಯರಿಗೆ ಕೇಳುವ ಹಾಗೇ ಕೂಗಿದ್ದಳು.

ಅಪ್ಪ ಟೇಪು ಸುತ್ತಿಡುತ್ತ, "ಹದಿನೈದು ದಿನ ತಾಳು," ಎಂದಷ್ಟೇ ಹೇಳಿದ. ಹದಿನೈದನೆಯ ದಿನಕ್ಕೆ ಬಂದದ್ದು ಬೂದಿ ಬಣ್ಣದ ಒಂದು ಹೆಲ್ಮೆಟ್ಟು, ನೋಡಿದರೆ ಊಟ ಸೇರದಂಥದ್ದು. ಅದನ್ನು ಅವಳು ಐದು ವರ್ಷ ಹಾಕಿದಳು. ಒಂದು ದಿನವೂ ತಲೆ ನೋಯಲಿಲ್ಲ. ಅದನ್ನು ಅಪ್ಪನಿಗೆ ಹೇಳಬಹುದಾಗಿತ್ತು. ಹೇಳಿದರೆ ಸೋತಂತೆ ಎಂದುಕೊಂಡು ಸುಮ್ಮನಿದ್ದಳು. ಈಗ ಹೇಳೋಣವೆಂದರೆ ಕೇಳುವವನು ಬೆಂಚಿನ ಮೇಲೆ ಮಲಗಿದ್ದ.

* * *

"ಹನ್ನೊಂದಕ್ಕೆ ಹೊರಡಲೇಬೇಕು," ಎಂದ ವ್ಯಾನಿನವನು. "ಒಂದು ಗಂಟೆಗೆ ಇನ್ನೊಂದು ಮನೆಗೆ ಹೇಳಿದೀನಿ. ಸೇತುವೆ ರಿಪೇರಿ ನಡೀತಿದೆ, ಸ್ಮಶಾನಕ್ಕೆ ಹೆದ್ದಾರಿ ಮೇಲೇ ಹೋಗಬೇಕು. ಹದಿನಾಲ್ಕು ಕಿಲೋಮೀಟರು. ವ್ಯಾನಲ್ಲಿ ಆರು ಜನ ಹಿಡೀತಾರೆ. ಮಿಕ್ಕೋರು?"

"ಬೈಕುಗಳಿದಾವಲ್ಲ," ಎಂದ ಮೆಕಾನಿಕ್.

ಮಗಳು ಬೀದಿಗೆ ಬಂದು ನೋಡಿದಳು. ಒಂಬತ್ತು ಬೈಕು ನಿಂತಿದ್ದವು, ಒಂದರ ಮೇಲೂ ಹೆಲ್ಮೆಟ್ಟಿಲ್ಲ. ಇದೇ ಬೀದಿ, ಎರಡು ಹೆಜ್ಜೆ ದಾರಿ ಎಂದು ಎಲ್ಲರೂ ಬರಿತಲೆಯಲ್ಲಿ ಬಂದಿದ್ದರು. ಮನೆಮನೆ ಹುಡುಕಿದರೂ ಇಷ್ಟು ತಲೆಗೆ ನಾಲ್ಕೈದು ಸಿಕ್ಕರೆ ಹೆಚ್ಚು. ಮೂವತ್ತು ವರ್ಷ ಗಂಟಲು ಹರಿದುಕೊಂಡದ್ದೆಲ್ಲ ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತಲ್ಲ ಎಂದು ಅವಳಿಗೆ ಪಿತ್ತ ನೆತ್ತಿಗೇರಿತು.

"ತಲೆ ಕೆಡಿಸ್ಕೋಬೇಡ," ಎಂದು ಚಿಕ್ಕಪ್ಪ ಅವಳ ಹೆಗಲು ತಟ್ಟಿದ. ಅಪ್ಪನ ತಮ್ಮ, ಅಂಗಡಿ ತೆರೆದ ದಿನದಿಂದ ಅಣ್ಣನ ಹಿಂದೆಯೇ ಇದ್ದವನು. "ಬರಿತಲೇಲಿ ಯಾರೂ ಹೋಗಲ್ಲ. ಅಣ್ಣನ ಮರ್ಯಾದೆ ಉಳೀಬೇಕು. ನನ್ನ ಹತ್ರ ಇದಾವೆ, ಇರು."

ಚಿಕ್ಕಪ್ಪ ಏಣಿ ಹಾಕಿ ಅಂಗಡಿಯ ಹಿಂದಿನ ಅಟ್ಟ ಹತ್ತಿದ. ಎರಡು ದೊಡ್ಡ ಗೋಣಿಚೀಲ ಇಳಿಸಿ ಬೀದಿಯಲ್ಲಿ ಸುರಿದ. ಮೂವತ್ತಕ್ಕೂ ಹೆಚ್ಚು ಹೆಲ್ಮೆಟ್ಟುಗಳು, ಧೂಳು ಒರೆಸಿದರೆ ಫಳಫಳ ಹೊಳೆಯುವಂಥವು. ಮಗಳಿಗೆ ಒಂದು ಕ್ಷಣ ಕಣ್ಣು ತುಂಬಿ ಬಂತು. ಸದ್ಯ, ಒಬ್ಬನಾದರೂ ಯೋಚನೆ ಮಾಡಿದನಲ್ಲ.

ಜನ ಒಂದೊಂದು ಎತ್ತಿಕೊಂಡು ತಲೆಗೆ ಏರಿಸಿದರು. ಮೆಕಾನಿಕ್ ಆಗಲೇ ಒಂದನ್ನು ಹಾಕಿಕೊಂಡು ಬೈಕಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದ. ನೀಲಿ ಬಣ್ಣದ್ದು, ನಡುನೆತ್ತಿಯ ಮೇಲೆ ಬೆಳ್ಳಿ ಗೆರೆ. ಆ ಗೆರೆಯನ್ನು ಅವಳು ಎಲ್ಲೋ ನೋಡಿದ್ದಳು.

* * *

ಹದಿನಾಲ್ಕನೆಯ ವಯಸ್ಸಿನಲ್ಲಿ, ಸ್ಕೂಲಿನ ಬ್ಯಾಗು ಬೀಸಿಕೊಂಡು ಅಂಗಡಿಗೆ ನುಗ್ಗಿದಾಗ, ಅದೇ ಬ್ಯಾಗು ತಗುಲಿ ಕೌಂಟರಿನ ಮೇಲಿದ್ದ ನೀಲಿ ಹೆಲ್ಮೆಟ್ಟು ನೆಲಕ್ಕೆ ಬಿದ್ದಿತ್ತು. ಬೆಳಗ್ಗೆ ತಾನೇ ಡಬ್ಬಿಯಿಂದ ತೆಗೆದದ್ದು. ಬೈಗುಳಕ್ಕೆ ಕಾದು ನಿಂತಳು. ಅಪ್ಪ ಬೈಯಲಿಲ್ಲ. ಎತ್ತಿ, ತಿರುಗಿಸಿ ನೋಡಿ, "ಇದರ ಕತೆ ಮುಗೀತು," ಎಂದ.

"ಏನೂ ಆಗಿಲ್ವಲ್ಲಪ್ಪ."

"ಒಳಗಿನ ಪದರ ಇರೋದೇ ಒಂದು ಪೆಟ್ಟು ತಿನ್ನೋಕೆ. ಅದು ಈಗ ತಿಂತೋ ಇಲ್ವೋ ನಂಗೆ ಕಾಣಲ್ಲ. ಕಾಣದೇ ಇರೋದನ್ನ ಇನ್ನೊಬ್ಬರ ತಲೆ ಮೇಲೆ ಹೇಗೆ ಇಡಲಿ?" ಎಂದು ತಮ್ಮನ ಕೈಗೆ ಕೊಟ್ಟ. "ಪಟ್ಟಿ ಕತ್ತರಿಸಿ ಬಿಸಾಕು. ಕತ್ತರಿಸದೆ ಬಿಸಾಕಬೇಡ, ಯಾರಾದ್ರೂ ಎತ್ಕೊಂಡು ಹಾಕ್ಕೋತಾರೆ."

ಚಿಕ್ಕಪ್ಪ ಅದನ್ನು ಒಳಗೆ ತೆಗೆದುಕೊಂಡು ಹೋದ.

* * *

"ಚಿಕ್ಕಪ್ಪ, ಇವೆಲ್ಲ ಬಿದ್ದಿರೋವಲ್ವಾ?"

ಚಿಕ್ಕಪ್ಪ ತನ್ನದೊಂದನ್ನು ತಲೆಗೆ ಏರಿಸಿ ಪಟ್ಟಿ ಬಿಗಿಯುತ್ತಿದ್ದ. "ಒಂದು ಗೀರಿಲ್ಲ ನೋಡು," ಎಂದ.

"ಕತ್ತರಿಸು ಅಂತ ಅಪ್ಪ ನಿನ್ನ ಕೈಗೆ ಕೊಟ್ಟಿದ್ದು. ಅಷ್ಟೂ ಇಲ್ಲೇ ಇದಾವೆ."

"ಏನಮ್ಮ ವಿಷಯ?" ಎಂದ ಮೆಕಾನಿಕ್.

ಅವಳು ಹೇಳಿದಳು. ಒಳಗಿನ ಪದರ, ಕಾಣದ ಪೆಟ್ಟು, ವರ್ಷಗಟ್ಟಲೆ ಅಟ್ಟದ ಕಾವಿಗೆ ಒಣಗಿದ ಅಂಟು. ಹೇಳುತ್ತ ಹೇಳುತ್ತ, ಎದುರಿನವರ ಮುಖದಲ್ಲಿ ಅದೇ ನಗು ಏಳುವುದು ಕಂಡಿತು, ಅಪ್ಪ ಮಾತಾಡುವಾಗ ಏಳುತ್ತಿದ್ದ ನಗು.

"ಕೌಂಟರಿಂದ ಬಿದ್ರೆ ಏನಾಗತ್ತೆ? ನನ್ನ ಫೋನು ದಿನಾ ಬೀಳತ್ತೆ," ಎಂದರು ಯಾರೋ.

"ಹನ್ನೊಂದಾಯ್ತು," ಎಂದ ವ್ಯಾನಿನವನು.

ಬಾಗಿಲಲ್ಲಿ ಕೂತಿದ್ದ ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಬಿಡೇ. ಇವತ್ತೊಂದು ದಿನ. ನಿಮ್ಮಪ್ಪನ ಹಾಗೆ ಹಟ ಹಿಡೀಬೇಡ. ಆ ಮನುಷ್ಯನ ಜೊತೆ ಏಗಿ ಏಗಿ ಸಾಕಾಗಿದೆ ನಂಗೆ."

ಅಪ್ಪನ ಹಾಗೆ ಎಂದು ಅವಳನ್ನು ಯಾರೂ ಇಲ್ಲಿಯವರೆಗೆ ಅಂದಿರಲಿಲ್ಲ. ಅನ್ನಿಸಿಕೊಳ್ಳಬಾರದೆಂದೇ ಅವಳು ಬೆಳೆದದ್ದು.

"ನಾನೊಂದು ಕೇಳ್ತೀನಿ," ಎಂದ ಚಿಕ್ಕಪ್ಪ, ಬೈಕಿನ ಮೇಲೆ ಕೂತು. "ಬರಿತಲೆಗಿಂತ ಇದು ವಾಸಿ ಅಲ್ವಾ?"

ವಾಸಿಯಿದ್ದರೂ ಇರಬಹುದು ಎಂದು ಅವಳಿಗೂ ಅನ್ನಿಸಿತು. ಹೂಂ ಎಂದುಬಿಟ್ಟರೆ ಎಲ್ಲ ಸುಗಮ, ಅಪ್ಪ ಹೊತ್ತಿಗೆ ಸರಿಯಾಗಿ ಹೊರಡುತ್ತಾನೆ. ಒಂಬತ್ತು ಬೈಕು, ಹದಿನೆಂಟು ಜನ, ಲಾರಿಗಳು ಓಡುವ ಹೆದ್ದಾರಿ.

"ಬರಿತಲೇಲಿ ಹೋಗೋನು ಹೆದರ್ಕೊಂಡು ಹೋಗ್ತಾನೆ," ಎಂದಳು. "ಇದನ್ನ ಹಾಕ್ಕೊಂಡೋನು ನಂಬ್ಕೊಂಡು ಹೋಗ್ತಾನೆ. ಹೋದ ತಿಂಗಳು ಬೈಕಿಂದ ಬಿದ್ದ ಒಬ್ಬರ ತಲೆ ಎಕ್ಸ್‌ರೇ ತೆಗೆದೆ, ಬುರುಡೆ ಬಿರಿದಿತ್ತು. ಅವರು ಹಾಕ್ಕೊಂಡಿದ್ದ ಹೆಲ್ಮೆಟ್ಟನ್ನ ಸ್ಟ್ರೆಚರ್ ಮೇಲೆ ಕಾಲ ಹತ್ರ ಇಟ್ಟಿದ್ರು. ಅದರ ಮೇಲೂ ಒಂದು ಗೀರಿರಲಿಲ್ಲ."

ಆದರೂ ಯಾರೂ ಹೆಲ್ಮೆಟ್ಟು ತೆಗೆಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೊರಡೋಣವೇ ಎಂಬಂತೆ ನಿಂತರು. ಅವಳು ಒಳಗೆ ಹೋಗಿ, ಹೂವಿನ ದಾರ ಕತ್ತರಿಸಲು ಬೆಂಚಿನ ಪಕ್ಕ ಇಟ್ಟಿದ್ದ ಕತ್ತರಿ ತಂದಳು. ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕೈಗೆ ಸಿಕ್ಕಿದ ಹೆಲ್ಮೆಟ್ಟಿನ ಪಟ್ಟಿಗೆ ಹಾಕಿದಳು. ಪಟ್ಟಿ ಜಗ್ಗಲಿಲ್ಲ. ಕೊಯ್ದಳು, ಎಳೆದಳು, ಕತ್ತರಿ ಜಾರಿ ಬೆರಳಿಗೆ ತಾಗಿತು. ಹಾಳಾದ ಕತ್ತರಿ, ಹಾಳಾದ ಪಟ್ಟಿ. ಬದುಕಿದ್ದಾಗ ತಲೆ ತಿಂದದ್ದು ಸಾಲದು ಎಂದು ಈ ಕೆಲಸವನ್ನೂ ಬಿಟ್ಟುಹೋದ ಹಾಳಾದ ಅಪ್ಪ. ಅವಳು ಈಗ ಅಳುತ್ತಿದ್ದಳು, ಅದು ದುಃಖಕ್ಕಿಂತ ಹೆಚ್ಚು ರೇಗಿನ ಅಳುವಾಗಿತ್ತು.

ಯಾರೋ ಅವಳ ಎದುರು ಬಂದು ನಿಂತರು. ಮೆಕಾನಿಕ್. ಗ್ಯಾರೇಜಿನಿಂದ ತಂತಿ ಕತ್ತರಿಸುವ ಕಟ್ಟರ್ ತಂದಿದ್ದ.

"ಆ ಕತ್ತರೀಲಿ ಬೆಣ್ಣೆನೂ ಕತ್ತರಿಸೋಕಾಗಲ್ಲ," ಎಂದ. ನೀಲಿ ಹೆಲ್ಮೆಟ್ಟು ತೆಗೆದು ಅವಳ ಮುಂದೆ ಇಟ್ಟ. "ಇದರಿಂದಲೇ ಶುರು ಮಾಡು. ಗ್ಯಾರೇಜಿನ ಸಾಮಾನು ತರೋ ಲಾರಿ ಕರೆಸ್ತೀನಿ, ಅರ್ಧ ಗಂಟೆ ಆಗತ್ತೆ. ಎಲ್ಲರೂ ಅದರಲ್ಲೇ ನಿಂತ್ಕೊಂಡು ಬರ್ತೀವಿ."

"ನನ್ನ ಒಂದು ಗಂಟೆ ಮನೆಯವರಿಗೆ ಯಾರು ಹೇಳ್ತೀರಿ?" ಎಂದ ವ್ಯಾನಿನವನು.

"ನೀನೇ ಹೇಳಪ್ಪ. ಅಲ್ಲಿ ಮಲಗಿರೋರೂ ಎಲ್ಲಿಗೂ ಎದ್ದು ಹೋಗಲ್ಲ."

ಗೊಣಗುತ್ತ ಒಬ್ಬೊಬ್ಬರೇ ಹೆಲ್ಮೆಟ್ಟು ತಂದು ಇಟ್ಟರು. ಕಟ್ಟರ್ ಒಂದೊಂದೇ ಪಟ್ಟಿಯನ್ನು ಕಟ್ ಎಂದು ಕತ್ತರಿಸುತ್ತ ಹೋಯಿತು. ಮೂವತ್ತೆರಡು ಎಣಿಸಿ ಅವಳು ತಲೆ ಎತ್ತಿದಳು. ಒಂದು ಬಾಕಿ ಇತ್ತು. ಅದು ಚಿಕ್ಕಪ್ಪನ ತಲೆಯ ಮೇಲಿತ್ತು. ಅವನು ಬೈಕು ಶುರು ಮಾಡಿಕೊಂಡು ವ್ಯಾನಿನ ಮುಂದೆ ನಿಂತಿದ್ದ.

"ನಾನು ಲಾರೀಲಿ ಬರಲ್ಲ. ಅಣ್ಣನ ಮುಂದೆ ದಾರಿ ಬಿಡಿಸ್ಕೊಂಡು ಹೋಗೋನು ನಾನೇ."

"ಯಾಕೆ ಕತ್ತರಿಸಲಿಲ್ಲ ಚಿಕ್ಕಪ್ಪ?"

ಇಂಜಿನ್ನಿನ ಸದ್ದಿನಲ್ಲಿ ಅವನ ಮಾತು ಮೊದಲು ಕೇಳಿಸಲಿಲ್ಲ. ಅವಳು ಹತ್ತಿರ ಹೋದಳು.

"ಕೈ ಬರಲಿಲ್ಲ ಕಣೆ. ಹೊಚ್ಚ ಹೊಸದು, ಹೂವಿನ ಹಾಗಿತ್ತು. ಮೊದಲನೇದು ಇಟ್ಕೊಂಡೆ. ಆಮೇಲೆ ಎಲ್ಲಾನೂ ಇಟ್ಕೊಂಡೆ. ಕತ್ತರಿಸಿದ್ಯಾ ಅಂತ ಪ್ರತೀ ಸಲ ಕೇಳ್ತಿದ್ದ. ಹ್ಞೂಂ ಅಂತಿದ್ದೆ. ಒಂದು ದಿನಾನೂ ಅಟ್ಟ ಹತ್ತಿ ನೋಡಲಿಲ್ಲ ಅವನು."

ಅವಳಿಗೆ ಈ ಮನುಷ್ಯನ ಮೇಲೆ ಬಂದಷ್ಟೇ ಸಿಟ್ಟು ಒಳಗೆ ಮಲಗಿದ್ದವನ ಮೇಲೂ ಬಂತು. ಗುರುತು ಪರಿಚಯವಿಲ್ಲದವರ ಗದ್ದದ ಕೆಳಗೆಲ್ಲ ಕೈ ಹಾಕಿ ಪಟ್ಟಿ ಎಳೆದು ನೋಡಿದವನು, ಸ್ವಂತ ತಮ್ಮನ ಹ್ಞೂಂ ಎಂಬ ಒಂದು ಮಾತನ್ನು ಮೂವತ್ತು ವರ್ಷ ಹಾಗೇ ತೆಗೆದುಕೊಂಡಿದ್ದ.

"ತೆಗಿ ಚಿಕ್ಕಪ್ಪ."

ಅವನು ಇಂಜಿನ್ನು ಆರಿಸಿದ. ಪಟ್ಟಿಯ ಕೊಂಡಿಗೆ ಕೈ ಹಾಕಿದ. ಕೊಂಡಿ ತುಕ್ಕು ಹಿಡಿದಿತ್ತು. ಒತ್ತಿದ, ತಿರುವಿದ, ಮತ್ತೆ ಒತ್ತಿದ, ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಎರಡೂ ಕೈ ಬಿಟ್ಟು ತೊಡೆಯ ಮೇಲೆ ಇಟ್ಟುಕೊಂಡ. ಮಗಳು ಕಟ್ಟರ್ ಹಿಡಿದು ಮುಂದೆ ಬಂದಾಗ ಅವನು ಕಣ್ಣು ಮುಚ್ಚಿ, ಎರಡು ದಿನದ ಬಿಳಿ ಗಡ್ಡದ ಗದ್ದವನ್ನು ಅವಳ ಕಡೆ ಎತ್ತಿ ಕೂತ.