ಬಾಗಿಲ ಮುಂದಿನ ಗಡಿಕಲ್ಲು

ರಾಜರು ರಾಜ್ಯ ಬಿಟ್ಟುಕೊಟ್ಟರು, ಸಂಸ್ಥಾನ ಮುಂಬೈ ಸರಕಾರಕ್ಕೆ ಸೇರಿತು ಎಂಬ ಸುದ್ದಿ ಬಂದ ದಿನ ಊರಲ್ಲಿ ಪೇಢೆ ಹಂಚಿದರು. ಕುರುಬರ ಫಕೀರವ್ವನ ಕೈಗೂ ಒಂದು ಬಂತು. ಬಾಯಿಗೆ ಹಾಕಿಕೊಳ್ಳದೆ ಸೆರಗಿನ ತುದಿಗೆ ಕಟ್ಟಿಕೊಂಡಳು. ಸಂಸ್ಥಾನ ಹೋದರೆ ಅದರ ಗಡಿಯೂ ಹೋಯಿತು. ಗಡಿ ಹೋದರೆ ಮಾಲಿಂಗನ ಗತಿಯೇನು?

ಮಾಲಿಂಗಪ್ಪ ಅವಳ ಒಬ್ಬನೇ ಮಗ. ಕೆಲವು ವರ್ಷಗಳ ಹಿಂದೆ, ರಾಜರ ಬೇಟೆಯ ಕಾಡಿಗೆ ಕುರಿ ನುಗ್ಗಿದವೆಂದು ಅಲ್ಲಿಯ ಕಾವಲುಗಾರ ಟಗರಿನ ಕಾಲು ಮುರಿದ. ಮಾಲಿಂಗ ಕಾವಲುಗಾರನ ಕೈ ಮುರಿದ. ಟಗರಿನ ಕಾಲನ್ನು ಯಾವ ಕೋರ್ಟೂ ಕೇಳಲಿಲ್ಲ, ಕಾವಲುಗಾರನ ಕೈಯನ್ನು ಕೇಳಿತು. ಮಾಲಿಂಗನಿಗೆ ಸಂಸ್ಥಾನದಿಂದ ಗಡಿಪಾರು, ಹದ್ದಿನೊಳಗೆ ಕಾಲಿಟ್ಟರೆ ಆರು ವರ್ಷ ಜೇಲು ಎಂದು ಹುಕುಂ ಆಯಿತು. ಅಂದಿನಿಂದ ಅವನು ಹಳ್ಳದ ಆಚೆ, ಮುಂಬೈ ಇಲಾಖೆಯ ಇಂಗ್ರೇಜಿ ಹದ್ದಿನಲ್ಲಿ, ಹುಕ್ಕೇರಿಯವರೆಗೂ ಕುರಿ ಹೊಡೆದುಕೊಂಡು ತಿರುಗುತ್ತಿದ್ದ.

ಅಮಾವಾಸ್ಯೆಗೊಮ್ಮೆ ಮಾತ್ರ ಹಳ್ಳದ ದಂಡೆಯ ಗಡಿಕಲ್ಲಿನ ಹತ್ತಿರ ಬರುತ್ತಿದ್ದ. ತಾಯಿ ಈಚೆ, ಮಗ ಆಚೆ, ನಡುವೆ ಕಲ್ಲು. ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಮೊದಲ ಸಲ ಅವನು ತಡೆಯಲಾರದೆ ಈಚೆ ದಾಟಿ ತಾಯಿಯ ಕಾಲಿಗೆ ಬಿದ್ದಾಗ ಸಂಸ್ಥಾನದ ಪೊಲೀಸ್ ದುಂಡಪ್ಪ ಬಡಿಗೆ ಹಿಡಿದು ಓಡಿಬಂದಿದ್ದ. ಮಾಲಿಂಗ ಕಲ್ಲು ದಾಟಿ ಜಿಗಿದಿದ್ದ. ದುಂಡಪ್ಪ ಅಲ್ಲಿಗೇ ಗಕ್ಕನೆ ನಿಂತು, ಬಾಯಿಗೆ ಬಂದಂತೆ ಬೈದು ತಿರುಗಿ ಹೋಗಿದ್ದ. ಪೊಲೀಸನನ್ನು ನಿಲ್ಲಿಸುವ ಕಲ್ಲು ಬರೀ ಕಲ್ಲಾಗಿರುತ್ತದೆಯೇ? ಫಕೀರವ್ವ ಮರುದಿನವೇ ಅದಕ್ಕೆ ಭಂಡಾರದ ಅರಿಸಿನ ಬಳಿದು, ಉಣ್ಣೆಯ ದಾರ ಸುತ್ತಿ, ಕುರುಬರ ಕುಲದೇವರು ಬೀರಪ್ಪನೆಂದು ಕೈ ಮುಗಿದಳು. ಬರಬರುತ್ತ ಊರಿನ ಕುರುಬರೆಲ್ಲ ಮುಗಿದರು.

ಈಗ ಕಂಬಳಿ ಮಾರಲು ಮೂಡಲಗಿಯ ಸಂತೆಗೆ ಹೋದವಳು, ಗೋಕಾಕದ ವಕೀಲರೊಬ್ಬರ ಕಾರಕೂನ ಅಣ್ಣಾಸಾಹೇಬನನ್ನು ಹಿಡಿದು ನಿಲ್ಲಿಸಿದಳು.

"ರಾಜರು ಹೋದ್ರಲ್ರಿ. ಅವರ ಹುಕುಮೂ ಹೋತಿಲ್ರಿ?"

"ಎಲ್ಲಿ ಹೊಕ್ಕೈತಿ? ರಾಜ್ಯ ತಗೊಂಡವರು ಹುಕುಮೂ ತಗೊಂಡಾರ. ಹೊಲ ಬಂದ್ರ ಹೊಲದಾಗಿನ ಜಾಲೀಗಿಡಾನೂ ಬರತೈತಿಲ್ಲ, ಹಂಗ. ರದ್ದು ಮಾಡೂತನಕ ಅದು ಜೀವಂತ."

"ಹಂಗಾರ ನನ್ನ ಮಗ ಯಾವ ಹದ್ದಿನಿಂದ ಗಡಿಪಾರು? ಹಳ್ಳದ ಈಚೇನೂ ಅದ ಸರಕಾರ, ಆಚೇನೂ ಅದ ಸರಕಾರ."

ಅಣ್ಣಾಸಾಹೇಬ ಕಿವಿ ತುರಿಸಿಕೊಂಡ. "ಅದು ಯಾರಿಗೂ ತಿಳದಿಲ್ಲವ್ವಾ. ಕೋರ್ಟ್ ಹೇಳಬೇಕು. ಅಲ್ಲೀತನಕ ಪೊಲೀಸ್ರು ಹೇಳಿದ್ದ ಖರೆ."

ಫಕೀರವ್ವ ಮಾರದ ಕಂಬಳಿ ಸುತ್ತಿಕೊಂಡು ಊರ ದಾರಿ ಹಿಡಿದಳು. ಮನೆಗೆ ಬಂದರೆ ದುಂಡಪ್ಪ ಬಾಗಿಲಲ್ಲೇ ನಿಂತಿದ್ದ. ಟೊಪ್ಪಿಗೆಯಿಂದ ರಾಜರ ಬಿಲ್ಲೆ ಕಿತ್ತಿದ್ದ, ಅದು ಇದ್ದ ಜಾಗದ ಬಟ್ಟೆ ಮಾತ್ರ ಹೊಸದರಂತೆ ಕಪ್ಪಗಿತ್ತು.

"ಹಳ್ಳದ ಆಚೇನೂ ಈಗ ನಂದ ಹದ್ದು, ಫಕೀರವ್ವ," ಎಂದ ನಗುತ್ತ. "ಅಮಾಸಿ ಯಾವಾಗ?"

ಅವಳ ನಿದ್ದೆ ಹಾರಿಹೋಯಿತು, ಹಸಿವು ಹೋಯಿತು. ಮಗನಿಗೆ ಹೇಳಿ ಕಳಿಸೋಣವೆಂದರೆ ಕುರಿ ಯಾವ ಗುಡ್ಡದಲ್ಲಿವೆಯೋ ಯಾರಿಗೆ ಗೊತ್ತು. ಪಾಪದವನು ಕಲ್ಲಿನ ಆಚೆ ನೆಮ್ಮದಿಯಾಗಿ ಕೂತು ತುತ್ತೆತ್ತುವಾಗ ಕೊರಳಪಟ್ಟಿಗೆ ಕೈ ಬೀಳುವುದು ಅವಳ ಕಣ್ಣಿಗೆ ಕಟ್ಟಿತ್ತು. ಯೋಚಿಸಿ ಯೋಚಿಸಿ ಒಂದು ದಾರಿ ಹೊಳೆಯಿತು. ಗಡಿ ಹೋಗಿರಬಹುದು, ಸರಕಾರ ಬದಲಾಗಿರಬಹುದು, ಬೀರಪ್ಪ ಬದಲಾಗುತ್ತಾನೆಯೇ? ದುಂಡಪ್ಪನೂ ಬೀರಪ್ಪನ ಒಕ್ಕಲಿನವನೇ. ಅವನನ್ನು ನಿಲ್ಲಿಸಿದ ದೇವರು ಎಲ್ಲಿದ್ದರೂ ನಿಲ್ಲಿಸಬೇಕು. ಆ ದೇವರು ಹಳ್ಳದ ದಂಡೆಯಲ್ಲಿ ಯಾಕಿರಬೇಕು, ತನ್ನ ಮನೆಯ ಮುಂದೆಯೇ ಯಾಕಿರಬಾರದು?

ಅಮಾವಾಸ್ಯೆಯ ಬೆಳಗ್ಗೆ ಹಾರೆ ಹಿಡಿದು ಹೋದಳು. ಗಡಿಕಲ್ಲು ಕಿತ್ತರೆ ಜೇಲೆಂದು ಅವಳಿಗೂ ಗೊತ್ತಿತ್ತು. ಹಾರೆ ಎರಡು ಸಲ ಜಾರಿ ಕಾಲಮೇಲೆ ಬಿತ್ತು. "ಯಪ್ಪಾ, ಜಾಗಾ ಬದಲ್ ಮಾಡಾಕತ್ತೇನಿ, ಸಿಟ್ಟಾಗಬ್ಯಾಡ," ಎಂದು ಬೇಡಿಕೊಂಡು, ತಲೆಯ ಸಿಂಬಿಯ ಮೇಲೆ ಕಲ್ಲು ಹೊತ್ತು ತಂದಳು. ಮನೆ ಊರಂಚಿನಲ್ಲಿತ್ತು, ಹಿತ್ತಲು ಹಳ್ಳಕ್ಕೆ, ಬಾಗಿಲು ಊರಿಗೆ. ಬಾಗಿಲ ಮುಂದೆ ಕಲ್ಲು ನೆಟ್ಟು ಕೈತುಂಬ ಭಂಡಾರ ಚೆಲ್ಲಿದಳು. ಈಗ ಅವಳ ಮನೆ ಗಡಿಯ ಆಚೆ ಬಿತ್ತು.

ಹೊತ್ತು ನೆತ್ತಿಗೇರುವಾಗ ಮಾಲಿಂಗ ಹಳ್ಳದ ದಂಡೆಗೆ ಬಂದ. ಕಲ್ಲಿಲ್ಲ. ಎಲ್ಲಿ ನಿಂತರೆ ಜೇಲು, ಎಲ್ಲಿ ನಿಂತರೆ ಬಯಲು ಎಂದು ತಿಳಿಯದೆ ಒಂದು ಕಾಲು ಎತ್ತಿಕೊಂಡೇ ನಿಂತ. ತಾಯಿ ಹಿತ್ತಲಿಂದ ಓಡಿಹೋಗಿ ಅವನ ಕೈ ಹಿಡಿದಳು.

"ಬಾರೋ. ಮನಿ ನಿನ್ನ ಹದ್ದಿನ್ಯಾಗ ಐತಿ."

ಎಷ್ಟೋ ವರ್ಷದ ಮೇಲೆ ಅವನು ತನ್ನ ಒಲೆಯ ಮುಂದೆ ಕೂತ. ಬಿಸಿ ರೊಟ್ಟಿ ಮುರಿಯುತ್ತ ಮಗುವಿನಂತೆ ಅತ್ತ. ಅವಳೂ ಅತ್ತಳು, ಆದರೆ ಕಣ್ಣು ಬಾಗಿಲ ಮೇಲೇ ಇತ್ತು.

ಬೂಟಿನ ಸಪ್ಪಳ ಬಂತು. ದುಂಡಪ್ಪ ಕಲ್ಲಿನ ಮುಂದೆ ಗಕ್ಕನೆ ನಿಂತ. ಅರಿಸಿನ ಮೆತ್ತಿದ ಕಲ್ಲನ್ನು ಬಹಳ ಹೊತ್ತು ನೋಡಿದ. ಆತ ಬಾಗಿ ಬೂಟು ಕಳಚಿದ, ಕಲ್ಲು ಮುಟ್ಟಿ ಭಂಡಾರ ಹಣೆಗೆ ಹಚ್ಚಿಕೊಂಡ, ಕೈ ಮುಗಿದ. ಪೀಡೆ ಬಿಟ್ಟಿತು ಎಂದುಕೊಂಡಳು ಅವಳು.

ಕೈ ಮುಗಿದವನು ಕಲ್ಲನ್ನು ಪ್ರದಕ್ಷಿಣೆಯಂತೆ ಬಲಕ್ಕೆ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದ. ಗಡಿಯ ಮುಂದೆ ನಿಲ್ಲುತ್ತಿದ್ದವನು ದೇವರಿಗೆ ನಮಸ್ಕಾರ ಮಾಡಿ ಮುಂದೆ ನಡೆದ. ಕಲ್ಲನ್ನು ದೇವರು ಮಾಡಿದ ತನ್ನ ಕೈಯನ್ನು ಫಕೀರವ್ವ ನೋಡಿಕೊಂಡಳು.

ಮಾಲಿಂಗನ ಕೈಯಲ್ಲಿ ತುತ್ತು ಹಾಗೇ ಉಳಿಯಿತು.

"ಉಣ್ಣು," ಎಂದ ದುಂಡಪ್ಪ, ಗೋಡೆಗೆ ಒರಗಿ ಕೂತು. "ಉಣ್ಣಾಂವನ್ನ ಎಬ್ಬಸಬಾರದು. ಮುಗದ ಮ್ಯಾಲ ಹೋಗೂಣು."

ಫಕೀರವ್ವ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಳು. ದುಂಡಪ್ಪನಿಗೂ ಒಂದು ತಟ್ಟೆ ಇಟ್ಟಳು. ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು, ಅದರ ಮೇಲೆ ಮತ್ತೊಂದು. ತಟ್ಟಿದಳು, ಬೇಯಿಸಿದಳು, ಹಾಕಿದಳು. "ಸಾಕವ್ವಾ," ಎಂದ ಮಾಲಿಂಗ. "ಉಣ್ಣೋ, ನಿಲ್ಲಿಸಬ್ಯಾಡ," ಎಂದು ಗದರಿಸಿ, ಕಣ್ಣೊರೆಸಿಕೊಳ್ಳದೆ ಹಿಟ್ಟಿನ ಗಡಿಗೆಗೆ ಕೈ ಹಾಕಿದಳು. ಬೆರಳಿಗೆ ತಳ ತಾಗಿತು.